ನಕ್ಷೆಯಲ್ಲಿ ಹಸಿರಾದ ಬೀದಿ

ಬ್ರಾಡ್‌ಬ್ಯಾಂಡ್ ಕಚೇರಿಯ ಅಧಿಕಾರಿಗಳಿಗೆ ನಮಸ್ಕಾರ.

ನಮ್ಮ ಬೀದಿಗೆ ಕೇಬಲ್ ಎಳೆಸಿ ಎಂದು ಕೇಳಲು ಮೊನ್ನೆ ಬಂದಿದ್ದ ಟೈಲರ್ ನಾನು. “ನಿಮ್ಮ ಬೀದೀಲಿ ಒಂದು ಮನೇಗೆ ಇಂಟರ್ನೆಟ್ ಇದೆಯಲ್ಲಮ್ಮಾ! ನಕ್ಷೇಲಿ ಇಡೀ ಬೀದಿ ಹಸಿರು. ಹೊಸ ಕೇಬಲ್ ಏನಿದ್ರೂ ಒಂದು ಮನೇಗೂ ಇಂಟರ್ನೆಟ್ ಇಲ್ಲದ ಬೀದಿಗೇ” ಎಂದಿರಿ.

ಆ ಒಂದು ಮನೆ ನನ್ನದು. ಒಬ್ಬಳು ಉಂಡರೆ ಬೀದಿಯವರ ಹೊಟ್ಟೆಯೆಲ್ಲ ತುಂಬುತ್ತದೆಯೇ ಸ್ವಾಮಿ? ಉಳಿದ ಇಪ್ಪತ್ತಾರು ಮನೆಯವರು ಫೋನ್ ಹಿಡಿದು ನನ್ನ ಮೆಟ್ಟಿಲ ಮೇಲೆ ಕೂರುತ್ತಾರೆ. ಎದುರುಮನೆ ನರ್ಸಕ್ಕನ ಮಗಳು ನನ್ನ ಮನೆಯಲ್ಲಿ ಸದ್ದಿಲ್ಲದೆ ಆನ್‌ಲೈನ್ ಪರೀಕ್ಷೆ ಬರೆಯಲೆಂದು ನಾನು ಮೂರು ಗಂಟೆ ಹೊಲಿಗೆ ಮೆಷಿನ್ ತುಳಿಯಲಿಲ್ಲ.

ನಿನ್ನೆ ನಾನೇ ನನ್ನ ಸಂಪರ್ಕ ತೆಗೆಸಿಹಾಕಿದೆ. ಕಂಪನಿ ಕೊಟ್ಟ ಚೀಟಿ ಜೊತೆಗಿದೆ. ದಯವಿಟ್ಟು ಆ ಹಸಿರು ಅಳಿಸಿ.

ಕೇಬಲ್‌ನವರು ಬಂದಾಗ ಬೀದಿಯ ಆ ತುದಿಯಿಂದ ಶುರುಮಾಡಲಿ. ನನ್ನ ಮನೆ ಕೊನೆಗಿರಲಿ.

ಇಂತಿ,
ಹಸಿರಿಲ್ಲದ ಬೀದಿಯ ಟೈಲರ್