ಬೆನ್ನಿಗೊಂದು ಚೊಂಬು

ಅಕ್ಟೋಬರ್ 15, ಬುಧವಾರ

ಇವತ್ತೂ ಗೋಡೆಗೊರಗಿಯೇ ಪಾಠ ಮುಗಿಸಿದೆ. ಕಾಲೇಜಿನ ಹಗ್ಗಜಗ್ಗಾಟದ ಫಲ — ಹುಡುಗರು ಹಗ್ಗ ಎಳೆದರು, ನಾನು ಬೆನ್ನು ಎಳೆದುಕೊಂಡೆ. ಕಪ್ ಅವರ ಪಾಲು. ಸಂಜೆ ಬಸ್ಸು ಹತ್ತಿ ಮಂಡ್ಯ. ಫಿಸಿಯೋ ರಘುನಂದನ್ ನನಗೂ ಕಪ್ ಕೊಟ್ಟರು. ಒಂದಲ್ಲ, ಆರು... ಎಲ್ಲ ಬೆನ್ನ ಮೇಲೆ. ಪಂಪಿನಿಂದ ಗಾಳಿ ಎಳೆದರೆ ಚರ್ಮ ಬನ್ನಿನಂತೆ ಉಬ್ಬುತ್ತದೆ. ನೋವು ಕೊಂಚ ಸಡಿಲ. ಅವ್ವನಿಗೆ ಹೇಳಲಿಲ್ಲ.

ಅಕ್ಟೋಬರ್ 16

ಹೇಗೆ ಹೇಳಲಿ? ನಮ್ಮೂರು ಚಿಕ್ಕರಸಿನಕೆರೆಯಲ್ಲಿ ಇದೇ ಕೆಲಸ ಅವ್ವನದಾಗಿತ್ತು. ಕಬ್ಬು ಕಡಿದು ಬೆನ್ನು ಹಿಡಿದುಕೊಂಡವರೆಲ್ಲ ನಮ್ಮ ಜಗುಲಿಯಲ್ಲಿ ಬೋರಲು. ಕಾಸಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲದ್ದಿ, ಬೆನ್ನ ಮೇಲಿಟ್ಟು ಹಚ್ಚಿ, ಹಿತ್ತಾಳೆ ಚೊಂಬು ಕವುಚುತ್ತಿದ್ದಳು. ಒಳಗಿನ ಉರಿ ಗಾಳಿ ನುಂಗಿ ಚೊಂಬು ಗಪ್ಪನೆ ಚರ್ಮ ಹಿಡಿಯುತ್ತಿತ್ತು. ಮದ್ದೂರಿಗೆ ಬಂದ ಮೇಲೆ ಯಾರೂ ಅವಳಿಗೆ ಬೆನ್ನು ತೋರಿಸಿಲ್ಲ. ಈಗ ಕೈಯೂ ನಡುಗುತ್ತದೆ — ಕಾಫಿ ಬಾಯಿಗಿಂತ ಸೀರೆಗೇ ಹೆಚ್ಚು.

ಅಕ್ಟೋಬರ್ 20, ನರಕ ಚತುರ್ದಶಿ

ಸಿಕ್ಕಿಬಿದ್ದೆ. ಹಬ್ಬದ ಎಣ್ಣೆ ಅವ್ವನೇ ಹಚ್ಚಬೇಕು, ನನಗೆ ಐವತ್ತಾದರೂ ವಿನಾಯಿತಿ ಇಲ್ಲ. ಬನಿಯನ್ ತೆಗೆದೆ. ಅಮಾವಾಸ್ಯೆಯ ಹಿಂದಿನ ದಿನ ಬೆನ್ನ ಮೇಲೆ ಕಪ್ ಬಿಟ್ಟುಹೋದ ಆರು ಹುಣ್ಣಿಮೆ.

"ಯಾರ್ಲಾ ಚೊಂಬ್ ಕೂರ್ಸಿದ್ದು?"

ಮಂಡ್ಯದಲ್ಲಿ ಅಂದೆ.

"ನಾ ಸತ್ತೋಗಿದ್ನೇನ್ಲಾ?"

ಅವ್ವ ಕಜ್ಜಾಯ ಮುಟ್ಟಲಿಲ್ಲ.

ಅಕ್ಟೋಬರ್ 26, ಭಾನುವಾರ

ಹಬ್ಬದಿಂದೀಚೆಗೆ ಅವ್ವ ನನ್ನೊಡನೆ ಮಾತು ಬಿಟ್ಟಿದ್ದಳು. ನನ್ನ ಹೆಂಡತಿ ನಯನಳೇ ದುಭಾಷಿ. ಇವತ್ತು ಚೊಂಬನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಅವ್ವನ ಮುಂದಿಟ್ಟೆ, ಅಂಗಿ ಬಿಚ್ಚಿ ಬೋರಲು ಮಲಗಿದೆ. ಸುಟ್ಟುಹೋದರೆ ಗತಿಯೇನೆಂದು ನಯನ ಗೊಣಗಿದಳು. ಕೊನೆಗೆ ಕಾಸಿನ ಬತ್ತಿ ಬೆನ್ನ ಮೇಲಿಟ್ಟು ತಾನೇ ಹಚ್ಚಿದಳು — ಇಷ್ಟೇ ಇಷ್ಟು.

ಚೊಂಬು ನಡುಗುತ್ತಾ, ಜಾಗ ಹುಡುಕುತ್ತಾ ಬಂತು. ಅಷ್ಟರಲ್ಲಿ ಬತ್ತಿ ಆರಿತ್ತು. ಸುಮ್ಮನೆ ಕೂತಿತು, ಅಷ್ಟೆ. ಹಿಡಿಯಲಿಲ್ಲ.

"ಇಡ್ಕತಾ, ಮಗ?"

"ಇಡ್ಕತು ಕಣವ್ವ. ಬುಡ್ಬ್ಯಾಡ."

ನಯನ ಕಿಟಕಿಯತ್ತ ತಿರುಗಿದಳು. ಅವ್ವ ಚೊಂಬಿನ ಮೇಲೆ ಕೈಯೂರಿ ಕೂತಳು. ನಡುಕ ಹಿತ್ತಾಳೆ ದಾಟಿ ನನ್ನ ಬೆನ್ನಿಗಿಳಿಯಿತು. ಊರಿನ ಬೆನ್ನುಗಳನ್ನೆಲ್ಲ ಹೆಸರು ಹಿಡಿದು ನೆನೆದಳು. ಯಾರದು ಕಲ್ಲು, ಯಾರದು ಬೆಣ್ಣೆ...

ಒಂದೇ ಭಯ. ಹಿಡಿದ ಚೊಂಬು ಕಿತ್ತರೆ 'ಟಪ್' ಎನ್ನಬೇಕು. ಅವ್ವ ಅಂಚಿಗೆ ಬೆರಳಿಟ್ಟು ಎತ್ತಿದಳು. ದಿಂಬಿನಲ್ಲಿ ಮುಖವಿಟ್ಟು ನಾಲಗೆ ಬಡಿದೆ. ಸದ್ದು ಚೆನ್ನಾಗಿಯೇ ಬಂತು. ಅವ್ವ ನಕ್ಕಳು.

ಈಗ ಹೊರಗೆ ಅವಳದೇ ದನಿ. ಪಕ್ಕದ ಮನೆಯ ಕೆಂಪಸಿದ್ದಯ್ಯನವರನ್ನು ಕೂಗುತ್ತಿದ್ದಾಳೆ, ಅವರಿಗೂ ಸೊಂಟನೋವಂತೆ. ಅವರು ಬೋರಲು ಮಲಗುವ ಮೊದಲೇ ಓಡಿಹೋಗಿ ನಾಲಗೆಯ ಆ 'ಟಪ್' ಸದ್ದೊಂದನ್ನು ಕಲಿಸಿ—