ಬಟ್ಟಲು ದಾಟುತ್ತಿದ್ದ ಕಂಬಿ

ಅಮ್ಮಾ, ಸಂಗತಿಗಳು ಇಷ್ಟು:

೧. ಇಂದು ಪೆನಾಂಗಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯ ಸುರಕ್ಷತಾ ತಪಾಸಣೆಗೆ ಸರ್ಕಾರಿ ಅಧಿಕಾರಿಯೊಬ್ಬರು ಬಂದಿದ್ದರು.

೨. ನಿಯಮದ ಪ್ರಕಾರ, ಕಂಬಿಗಳ ನಡುವೆ ಅವರ ಹತ್ತು ಸೆಂಟಿಮೀಟರಿನ ಚೆಂಡು ತೂರಬಾರದು.

೩. ಪಕ್ಕದ ಬಾಲ್ಕನಿಗೆ ಮೀನುಸಾರಿನ ಬಟ್ಟಲು ದಾಟಿಸಲು ನೀನು ಬಗ್ಗಿಸಿಟ್ಟಿದ್ದ ಕಂಬಿಯ ಬಳಿ ಅದು ಸಲೀಸಾಗಿ ತೂರಿತು.

ಆಚೆಯಿಂದ ರೊಕಿಯಾ ಚಿಕ್ಕಮ್ಮ ಅಭ್ಯಾಸಬಲದಿಂದ ಕೈ ಚಾಚಿ ಚೆಂಡನ್ನು ಹಿಡಿದರು.

"ನಿನ್ನಮ್ಮ ಬೇಯಿಸಿ ಕೊಡ್ತಿದ್ಲು. ನೀನು ಹಸೀದೇ ಕೊಡ್ತೀಯೇನೋ, ಸಿಯಾಂಗ್?"

"ಅದು ಸರ್ಕಾರದ್ದು, ಮೇಡಂ. ವಾಪಸ್ ಕೊಡಿ," ಎಂದು ಅಧಿಕಾರಿ ಗಂಭೀರವಾಗಿ ಕೇಳಿಕೊಂಡರು.

ಇಂಜಿನಿಯರನಾದ ನಾನು ಆ ಕಂಬಿಗಾಗಿ ನಿನ್ನನ್ನು ಎಷ್ಟು ಸಲ ಗದರಿದ್ದೆನೆಂದು ಯಾರಿಗೂ ಹೇಳಲಿಲ್ಲ. ನೀನು ತೀರಿಕೊಂಡಾಗ ಚಿಕ್ಕಮ್ಮ ಗಂಜಿ ಕಳಿಸಿದ ಬಟ್ಟಲು ಎಂಟು ತಿಂಗಳಿಂದ ನಮ್ಮ ಕಪಾಟಿನಲ್ಲೇ ಇದೆ.

ನಾಳೆ ಕಂಬಿಯನ್ನು ನೇರ ಮಾಡಿಸುತ್ತೇನೆ. ಆಮೇಲೆ ಮೀನುಸಾರು ಮಾಡಿ, ಆ ಬಟ್ಟಲು ತುಂಬಿಸಿಕೊಂಡು ಹೋಗಿ ಅವರ ಬಾಗಿಲು ತಟ್ಟುತ್ತೇನೆ.