ಕಣ್ಣು ಮುಚ್ಚಿ ಹೇಳಿದ ಗುರುತು

ಖೈತಾನ್, ಕುವೈತ್
16 ಜನವರಿ 2026, ಶುಕ್ರವಾರ

ಪ್ರೀತಿಯ ಇಪ್ಸಿತಾ,

ಅವ್ವನ ಆಶೀರ್ವಾದ. ನೀನು ಹೇಗಿದ್ದೀಯೆಂದು ಕೇಳುವುದಿಲ್ಲ. ಪ್ರಚಾರದ ಜೀಪಿನ ಮೇಲೆ ನಿನ್ನ ಬಾಪಾನ ಹಿಂದೆ ನಿಂತಿರುವುದನ್ನು ದಿನವೂ ಫೋನಿನಲ್ಲಿ ನೋಡುತ್ತಿದ್ದೇನೆ, ತೆಳ್ಳಗಾಗಿದ್ದೀಯ. ನಿನ್ನ ಫೋನನ್ನು ಈಗ ಕಚೇರಿಯಲ್ಲಿ ಮೂರು ನಾಲ್ಕು ಜನ ನೋಡುತ್ತಾರೆಂದು ನೀನೇ ಹೇಳಿದ್ದೆ. ಅಲ್ಲಿ ಕನ್ನಡ ಓದಲು ಬರುವುದು ನಿನಗೊಬ್ಬಳಿಗೇ. ಆದ್ದರಿಂದ ಈ ಕಾಗದ. ನಾನು ಕೆಲಸ ಮಾಡುವ ಶಾಲೆಯ ಲೊರೈನ್‌ಳ ಗಂಡ ರೋಕ್ ನಾಳೆ ಮಂಗಳೂರಿಗೆ ಹೋಗುತ್ತಾರೆ. ಅಲ್ಲಿಂದ ಕೊರಿಯರ್ ಮಾಡುತ್ತಾರೆ.

ವಿಷಯ ಇಷ್ಟು: ಕಾಲಂದಿ ಬೆಹೆರಾ ಸತ್ತಿಲ್ಲ. ಕಳೆದ ತಿಂಗಳು ಇಲ್ಲಿನ ಅಬ್ಬಾಸಿಯಾದ ಕಾರ್ಮಿಕರ ಕಟ್ಟಡದಲ್ಲಿ ಹೀಟರಿನಿಂದ ಬೆಂಕಿ ಹತ್ತಿದಾಗ ಸುಟ್ಟುಹೋದನೆಂದು ನಿನ್ನ ಬಾಪಾ ಯಾರನ್ನು ಗುರುತಿಸಿದರೋ, ಯಾರ ಶವಪೆಟ್ಟಿಗೆಯ ಜೊತೆ ಅದೇ ವಿಮಾನದಲ್ಲಿ ಭುವನೇಶ್ವರದಲ್ಲಿ ಬಂದಿಳಿದರೋ, ಯಾರ ಫೋಟೋ ನಿನ್ನ ಎಲ್ಲ ಪೋಸ್ಟರುಗಳಲ್ಲೂ ಇದೆಯೋ, ಅವನು ಮಂಗಳವಾರದಿಂದ ನನ್ನ ಅಡುಗೆಮನೆಯಲ್ಲಿ ಮಲಗುತ್ತಿದ್ದಾನೆ. ಈಗ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಾನೆ. ಬೇಡವೆಂದರೂ ಕೇಳುವುದಿಲ್ಲ.

ಬಾಪಾನ ಬದುಕಿನ ಬಗ್ಗೆ ನೀನು ಚುನಾವಣೆಗಾಗಿ ಮಾಡಿಸಿದ ಕಿರುಚಿತ್ರವನ್ನು ಎರಡು ಸಲ ನೋಡಿದೆ. ಚೆನ್ನಾಗಿದೆ. ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ ಜಾಜಪುರದ ಬಿರಂಚಿ ಸಾಮಲ್ ‘ಅರುಣಾಭ’ನಾಗಿ ಬೆಳ್ಳಿತೆರೆಗೆ ಬಂದದ್ದು, ಅವರ ಚಿತ್ರ ನೋಡಲು ಹಳ್ಳಿಯ ಹೆಂಗಸರು ಟ್ರ್ಯಾಕ್ಟರಿನಲ್ಲಿ ಕಟಕ್‌ಗೆ ಬಂದು ಸೆರಗು ಒದ್ದೆ ಮಾಡಿಕೊಂಡು ಹೋಗುತ್ತಿದ್ದದ್ದು, ಚಂಡಮಾರುತದ ವರ್ಷ ಎದೆಮಟ್ಟದ ನೀರಿನಲ್ಲಿ ಅಕ್ಕಿಚೀಲ ಹೊತ್ತದ್ದು, ಗೆದ್ದದ್ದು. ಎಲ್ಲ ನಿಜ. ಅದರಲ್ಲಿ ಇಲ್ಲದ್ದನ್ನು ಸ್ವಲ್ಪ ಬರೆಯುತ್ತೇನೆ. ದೂರಲಿಕ್ಕಲ್ಲ. ಈಗ ಆಗಿರುವುದು ನಿನಗೆ ಅರ್ಥವಾಗಬೇಕಾದರೆ ಅದು ಬೇಕು.

ಒಡಿಸ್ಸಿ ಕಲಿಯಲು ಧಾರವಾಡದಿಂದ ಹೋದ ನಾನು ಅವರ ಒಂದು ಚಿತ್ರದ ಹಾಡಿನಲ್ಲಿ ಹಿಂದಿನ ಸಾಲಿನಲ್ಲಿ ಕುಣಿದವಳು. ಉಳಿದ ನಟರು ಗ್ಲಿಸರಿನ್ ಹಾಕಿಸಿಕೊಳ್ಳುವುದನ್ನು ನೋಡಿದ್ದೆ. ಇವರಿಗೆ ಬೇಡವಾಗಿತ್ತು. ಮದುವೆಯಾದ ಹೊಸತರಲ್ಲಿ, ಅಳುವಾಗ ಏನನ್ನು ನೆನೆಸಿಕೊಳ್ಳುತ್ತೀರಿ ಎಂದು ಕೇಳಿದೆ. ಯಾವುದೋ ದುಃಖ ಹೇಳಿಯಾರು ಎಂದುಕೊಂಡಿದ್ದೆ. ಏನೂ ಇಲ್ಲ ಎಂದರು. ಕಣ್ಣು ಮುಚ್ಚಿದರೆ ಕತ್ತಲೆ ಇರುತ್ತದೆ, ಅದನ್ನು ನೋಡುತ್ತಿದ್ದರೆ ನೀರು ಬರುತ್ತದೆ; ಎದುರಿಗೆ ಇರುವುದನ್ನು ನೋಡಿದರೆ ಬರುವುದಿಲ್ಲ. ಹೊಲಿಗೆಯವನು ತನ್ನ ಮಿಷನ್ನಿನ ಬಗ್ಗೆ ಹೇಳುವಂತೆ ಹೇಳಿದರು. ಆಗ ನನಗೆ ಅದು ಪ್ರಾಮಾಣಿಕತೆಯಂತೆ ಕಂಡಿತ್ತು. ಈಗಲೂ ಕಾಣುತ್ತದೆ.

ನಿನ್ನ ಅಜ್ಜ ತೀರಿಕೊಂಡಾಗ ನೀನು ಸಣ್ಣವಳು. ಧಾರವಾಡದ ಮನೆಯ ಪಡಸಾಲೆಯಲ್ಲಿ ಬಾಪಾ ಅತ್ತ ರೀತಿಗೆ ಬಂದವರೆಲ್ಲ ಅಜ್ಜಿಯನ್ನು ಬಿಟ್ಟು ಅವರಿಗೆ ನೀರು ಕೊಟ್ಟರು, ಬೆನ್ನು ಸವರಿದರು. ಹೊರಗೆ ಬಂದ ಮೇಲೆ ಅವರು ನನ್ನನ್ನು ಮೆಲ್ಲಗೆ ಕೇಳಿದರು, ಮಾವನವರಿಗೆ ಕನ್ನಡಕ ಹಾಕಿದ್ದರೋ ತೆಗೆದಿದ್ದರೋ ಎಂದು. ಅರ್ಧ ಗಂಟೆ ಆ ಮುಖದ ಮುಂದೆ ಕೂತಿದ್ದರು. ನಾನು ಅವರನ್ನು ಬಿಟ್ಟದ್ದು ಅದಕ್ಕಲ್ಲ, ಆದರೆ ಬಿಡುವಾಗ ಅದು ನೆನಪಿತ್ತು.

ಚಿತ್ರಗಳು ನಿಂತ ಮೇಲೆ ಮತ್ತೆ ನಾಟಕ ಕಂಪನಿಗೆ ಹೋದರು. ಅಲ್ಲಿಂದ ಒಂದು ಪಕ್ಷ ಅವರನ್ನು ಜೀಪಿಗೆ ಹತ್ತಿಸಿತು. ಶಾಸಕರಾಗಿದ್ದಷ್ಟು ಕಾಲ ಸದನದಲ್ಲಿ ಬಾಯಿ ಬಿಡಲಿಲ್ಲ. ಬಿಡಲು ಯಾರೂ ಹೇಳಲೂ ಇಲ್ಲ. ಸಾವಿನ ಮನೆಗಳಿಗೆ, ದೋಣಿ ಮುಳುಗಿದಲ್ಲಿಗೆ, ಗೋಡೆ ಬಿದ್ದಲ್ಲಿಗೆ ಅವರನ್ನು ಕಳಿಸುತ್ತಿದ್ದರು. ಪಕ್ಷ ಬದಲಿಸಿದರು. ಹೊಸ ಪಕ್ಷವೂ ಅದಕ್ಕೇ ಕಳಿಸಿತು. ಸೋತ ದಿನ ಅವರು ಅಳಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ ಎಂದು ಫೋನಿನಲ್ಲಿ ಹೇಳಿದ್ದರು. ಈ ಉಪಚುನಾವಣೆ ಕೊನೆಯದು, ಇದೂ ಹೋದರೆ ಯಾರೂ ಟಿಕೆಟ್ ಕೊಡುವುದಿಲ್ಲ ಎನ್ನುವುದು ನನಗೂ ಗೊತ್ತು. ನೀನು ಕೆಲಸ ಬಿಟ್ಟು ಹೋದದ್ದು ಅದಕ್ಕೇ.

ಅವರು ಇಲ್ಲಿಗೆ ಬಂದದ್ದು ಒಡಿಯಾ ಸಂಘದ ವಾರ್ಷಿಕೋತ್ಸವಕ್ಕೆ. ಹಿಂದಿನ ದಿನ ಬೆಂಕಿ. ವಾರ್ಷಿಕೋತ್ಸವ ಸಂತಾಪ ಸಭೆಯಾಯಿತು. ಶವಾಗಾರಕ್ಕೆ ಹೊರಟಾಗ ಸಂಘದವರು ನನ್ನನ್ನೂ ಕರೆದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಆ ದೇಹ ಸಿಕ್ಕ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ ‘ಕಾಲಂದಿ’ ಎಂದು ಬರೆದಿತ್ತು, ಕಂಪನಿಯ ಲೆಕ್ಕದಲ್ಲಿ ಆ ಮಂಚ ಅವನದೇ. ಡಿಎನ್ಎ ಪರೀಕ್ಷೆಗೆ ತಿಂಗಳು ಹಿಡಿಯುತ್ತದೆ, ಮನೆಯವರು ಒಪ್ಪಿದರೆ ಬೇಗ ಮುಗಿಯುತ್ತದೆ ಎಂದು ಕಂಪನಿಯ ಸೂಪರ್ವೈಸರ್ ಅವಸರ ಮಾಡಿದ. ವಿಡಿಯೋ ಕಾಲಿನಲ್ಲಿ ಕಾಲಂದಿಯ ತಾಯಿ ಹೇಳಿದಳಂತೆ: ನಾನು ನೋಡಲಾರೆ, ನಮ್ಮ ಅರುಣಾಭ ಬಾಬು ನೋಡಿ ಹೇಳಿದರೆ ನನ್ನ ಕಣ್ಣೇ ನೋಡಿದ ಹಾಗೆ. ಬಾಪಾ ಕಾಲಂದಿಯನ್ನು ಎಂದೂ ಕಂಡವರಲ್ಲ. ಕೈಯಲ್ಲಿ ಒಂದು ಫೋಟೋ ಇತ್ತು. ಒಳಗೆ ಹೋದರು. ‘ಹೌದಮ್ಮಾ, ಇವನೇ’ ಎಂದು ಅವರು ಹೇಳಿದ ಆ ಅರ್ಧ ನಿಮಿಷವನ್ನು ಲಕ್ಷಗಟ್ಟಲೆ ಜನ ನೋಡಿದ್ದಾರೆ. ನಾನು ನೋಡಿದ್ದು ಕಾಲಂದಿ ಬಂದ ಮೇಲೆ. ಎಲ್ಲರೂ ಕೆನ್ನೆಯನ್ನು ನೋಡುತ್ತಾರೆ. ನೀನು ರೆಪ್ಪೆಯನ್ನು ನೋಡು. ಬಟ್ಟೆ ಸರಿಸುವ ಮೊದಲೇ ಮುಚ್ಚಿದವರು ಬಾಗಿಲ ಹೊರಗೆ ಬರುವವರೆಗೆ ಕಣ್ಣು ತೆರೆದಿಲ್ಲ.

ಕಾಲಂದಿ ಆಗ ದೂರದ ಗಡಿಯ ಕಡೆ, ವಫ್ರಾದಲ್ಲಿದ್ದ. ಅದೇ ಸೂಪರ್ವೈಸರ್ ಅವನನ್ನು ಕಂಪನಿಗೆ ತಿಳಿಸದೆ ಅಲ್ಲಿನ ಒಂದು ತೋಟಕ್ಕೆ ಕೊಟ್ಟಿದ್ದ. ಸೌತೆಕಾಯಿಯ ಹಸಿರುಮನೆಗಳಲ್ಲಿ ಕೆಲಸ. ಬಸ್ಸಿಲ್ಲ, ಫೋನಿಗೆ ರೀಚಾರ್ಜ್ ಇಲ್ಲ. ಹೊಸ ವರ್ಷದ ಮೇಲೆ ತೋಟಕ್ಕೆ ಬಂದ ಒಬ್ಬ ಡ್ರೈವರ್ ತನ್ನ ಮೊಬೈಲಿನಲ್ಲಿ ಅವನಿಗೆ ಅವನನ್ನೇ ತೋರಿಸಿದ. ಹಾರ ಹಾಕಿದ ಫೋಟೋ ಅಲ್ಲ, ಇಪ್ಸಿತಾ. ನಿನ್ನ ತಂಡ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಆ ಇನ್ನೊಂದು ವಿಡಿಯೋ: ಸತ್ತ ಕಾಲಂದಿ ಕೈ ಮುಗಿದು, ತನ್ನದೇ ಧ್ವನಿಯಲ್ಲಿ, ಅರುಣಾಭ ಅಣ್ಣ ನನ್ನನ್ನು ಮನೆಗೆ ತಂದರು, ನೀವು ಅವರನ್ನು ಕೈಬಿಡಬೇಡಿ ಎಂದು ಹೇಳುವುದು. ತರಕಾರಿಯ ಲಾರಿಯಲ್ಲಿ ಕೂತು ನನ್ನನ್ನು ಹುಡುಕಿಕೊಂಡು ಬಂದ. ಅರುಣಾಭನ ಹೆಂಡತಿ ಖೈತಾನಿನಲ್ಲಿದ್ದಾಳೆಂದು ಇಲ್ಲಿನ ಒಡಿಯಾದವರಿಗೆಲ್ಲ ಗೊತ್ತು. ನನ್ನನ್ನು ಭಾಉಜ, ಅತ್ತಿಗೆ, ಎಂದು ಕರೆಯುತ್ತಾನೆ. ಬಾಗಿಲಲ್ಲಿ ನಿಂತು ಮೊದಲು ಹೇಳಿದ ಮಾತು, “ಭಾಉಜ, ಅದರಲ್ಲಿರೋನು ನನಗಿಂತ ಚೆನ್ನಾಗಿ ಮಾತಾಡ್ತಾನೆ. ನಾನು ಊರಲ್ಲಿ ಅಷ್ಟು ಮಾತಾಡಿದವನೇ ಅಲ್ಲ.” ನಗಿಸಲು ಹೇಳಿದ್ದು. 

ಅವತ್ತೇ ನನ್ನ ಫೋನಿನಿಂದ ಅವನ ತಾಯಿಗೆ ವಿಡಿಯೋ ಕಾಲ್ ಮಾಡಿಸಿದೆ. ಅವಳ ಸಂತೋಷವನ್ನು ನೋಡಬಾರದೆಂದು ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಅಷ್ಟು ಸಂಕೋಚ ಬೇಕಿರಲಿಲ್ಲ. ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಯಾವ ಸಿಟ್ಟೂ ಇಲ್ಲದೆ ಹೇಳಿದಳು, “ಬಾಬುಗಳೇ, ಇದನ್ನ ಆಗಲೇ ತೋರಿಸಿದಿರಲ್ಲ. ಸಾಕು. ಓಟು ಅವರಿಗೇ ಹಾಕ್ತೀನಿ. ಸತ್ತವನ್ನ ದಿನಾ ಮಾತಾಡಿಸಬೇಡಿ.”

ಅವ್ವಾ ನಾನು ಟುಕುನಾ ಎಂದ, ಮನೆಯವರು ಮಾತ್ರ ಕರೆಯುವ ಹೆಸರು. ಆ ಹೆಸರು ನಾನೇ ನಿಮಗೆ ಹೇಳಿದ್ದು ಎಂದಳು. ತಾಳೆಮರದಿಂದ ಬಿದ್ದದ್ದನ್ನು ಹೇಳಿದ. ಅದನ್ನೂ ಹೇಳಿದ್ದೆ ಎಂದಳು. ತಂಗಿಯ ಮದುವೆಯಲ್ಲಿ ಪಾಯಸ ತಳಹಿಡಿದದ್ದು, ಅಪ್ಪ ಯಾವ ಬದಿಗೆ ತಿರುಗಿ ಮಲಗುತ್ತಿದ್ದ ಎನ್ನುವುದು. ಒಂದೊಂದಕ್ಕೂ ಅವಳು, ಪಾಠ ಒಪ್ಪಿಸುವ ಮಗುವಿಗೆ ತಲೆಯಾಡಿಸುವಂತೆ, ಹೂಂ, ಅದೂ ಹೇಳಿದ್ದೆ, ಅರುಣಾಭ ಬಾಬುವಿನ ಮಗಳು ಬಂದು ಎರಡು ದಿನ ಪಕ್ಕದಲ್ಲೇ ಕೂತು ಕೇಳಿಕೊಂಡಳು, ಒಳ್ಳೆಯ ಹುಡುಗಿ, ನನ್ನ ಜೊತೆ ಅತ್ತಳು ಎಂದಳು. ನಂತರ ಫೋನ್ ಇಟ್ಟಳು. ಈಗ ನನ್ನ ನಂಬರಿನಿಂದ ಕರೆ ಹೋದರೆ ಎತ್ತುವುದಿಲ್ಲ.

ನೀನು ನಿಜವಾಗಿಯೇ ಅತ್ತಿರುತ್ತೀಯ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಒಬ್ಬ ಮಗ ತನ್ನ ತಾಯಿಗೆ ತಾನು ತಾನೇ ಎಂದು ತೋರಿಸಲು ಏನೇನು ಇಟ್ಟುಕೊಂಡಿರುತ್ತಾನೋ ಅದನ್ನೆಲ್ಲ ನೀನು ತೆಗೆದುಕೊಂಡು ಬಂದಿದ್ದೀಯ. ಅವನ ಬಳಿ ಈಗ ಮುಖ ಒಂದೇ ಉಳಿದಿದೆ, ಅದೂ ನಿನ್ನ ಬಳಿ ಇದೆ.

ಬಾಪಾಗೆ ಫೋನ್ ಮಾಡಿದೆ. ಅವರು ನಿನಗೆ ಹೇಳಿರಲಾರರು. ನಾವು ಮಾತಾಡುವುದು ಇನ್ನೂ ಅದೇ ಹಳೆಯ ಅರೆಬರೆ ಕನ್ನಡದಲ್ಲಿ. ನಿರಾಕರಿಸಿಯಾರು, ಬೈದಾರು ಎಂದುಕೊಂಡಿದ್ದೆ. “ನೋಡಿದ್ದರೆ ಅಳು ಬರ್ತಿರಲಿಲ್ಲ ಶೈಲಾ. ಆ ತಾಯಿ ಫೋನಲ್ಲಿ ಕಾಯ್ತಾ ಇದ್ದಳು” ಎಂದರು. ಅದನ್ನು ನೆಪವಾಗಿ ಹೇಳಲಿಲ್ಲ. ಆಮೇಲೆ, ಮತ ಎಣಿಕೆ ಆಗುವವರೆಗೆ ಅವನನ್ನು ಹೇಗಾದರೂ ಇಟ್ಟುಕೋ ಎಂದರು. ಗೆದ್ದ ಮೇಲೆ ತಾವೇ ಬಂದು ಕರೆದುಕೊಂಡು ಹೋಗುತ್ತಾರಂತೆ. ಸತ್ತವನನ್ನು ತಂದವನು ಬದುಕಿದವನನ್ನೂ ತಂದ ಎಂದು ಜನ ಹೇಳುತ್ತಾರಂತೆ. ದನಿಗೆ ಜೀವ ಬಂತು. ವಿಮಾನ ನಿಲ್ದಾಣದಲ್ಲಿ ಆ ತಾಯಿ ಎಲ್ಲಿ ನಿಂತಿರಬೇಕು, ಕಾಲಂದಿ ಯಾವ ಬಾಗಿಲಿನಿಂದ ಬರಬೇಕು ಎನ್ನುವುದು ಅವರಿಗೆ ಆಗಲೇ ಕಾಣುತ್ತಿತ್ತು. ಸೋತರೆ ಎಂದು ಕೇಳಿದೆ. ಲೈನ್ ಸರಿಯಿಲ್ಲ ಎಂದರು.

ಲೊರೈನ್‌ಗೆ ಹೇಳಿದೆ, ಯಾರಿಗಾದರೂ ಹೇಳಬೇಕಿತ್ತು. “ನಿಮಗೆ ಯಾಕೆ ಮಾರಾಯ್ರೆ ಈ ಉಸಾಬರಿ? ಇಕಾಮಾ ಇಲ್ಲದವನನ್ನು ಮನೆಯಲ್ಲಿ ಇಟ್ಟುಕೊಂಡದ್ದು ಗೊತ್ತಾದರೆ ನಿಮ್ಮದೂ ಖಲಾಸ್” ಎಂದಳು. ಅವಳು ಹೇಳುವುದು ಸರಿ. ಸತ್ತನೆಂದು ಬರೆದ ಮೇಲೆ ಅವನ ವಾಸದ ಪರವಾನಗಿಯೂ ರದ್ದಾಗಿದೆ. ಕಟ್ಟಡದ ಕಾವಲುಗಾರ ಎರಡು ಸಲ ಅತಿಥಿ ಯಾರೆಂದು ಕೇಳಿದ್ದಾನೆ. ಸೂಪರ್ವೈಸರ್‌ಗೆ ಸುಳಿವು ಸಿಕ್ಕರೆ ಏನು ಮಾಡುತ್ತಾನೋ ಹೇಳಲಾಗದು. ಕಾಲಂದಿ ಬದುಕಿರುವುದು ಅವನಿಗೂ ಬೇಡ. ಸತ್ತವನಿಗೆ ಇಲ್ಲಿಂದ ಹೊರಡಲು ಪರ್ಮಿಟ್ ಯಾರೂ ಕೊಡುವುದಿಲ್ಲ. ಬದುಕಿದ್ದೇನೆಂದು ಹೋಗಿ ನಿಂತರೆ ಮೊದಲು ಹಿಡಿದು ಕೂರಿಸುತ್ತಾರೆ. ಅದನ್ನು ಅವನಿಗೆ ವಿವರವಾಗಿ ಹೇಳಿದೆ. “ಜೈಲಿಗೆ ಹಾಕುವಾಗ ಹೆಸರು ಬರೆದುಕೊಳ್ತಾರಲ್ಲ ಭಾಉಜ” ಎಂದ.

ಭಾನುವಾರ ಬೆಳಿಗ್ಗೆ ಅವನನ್ನು ಕರೆದುಕೊಂಡು ಠಾಣೆಗೆ ಹೋಗುತ್ತೇನೆ. ನಿನ್ನ ಬಾಪಾನ ಹೆಸರು, ಆ ಅರ್ಧ ನಿಮಿಷ, ಎಲ್ಲವನ್ನೂ ಹೇಳಬೇಕಾಗುತ್ತದೆ. ಈ ಕಾಗದ ಸಿಗುವ ಹೊತ್ತಿಗೆ ಸುದ್ದಿ ಅಲ್ಲಿಗೆ ಬಂದಿರಬಹುದು, ನೀನು ನನ್ನನ್ನು ಬೈದಿರಬಹುದು. ನನ್ನ ಕೆಲಸ ಹೋಗಬಹುದು. ಬೈಯುವುದಾದರೆ ದಾರಿಯಲ್ಲಿ ಬೈ, ಆದರೆ ಹೋಗು. ಅದೇ ಹಳ್ಳಿಗೆ, ಅದೇ ಮನೆಗೆ, ಕ್ಯಾಮೆರಾ ಇಲ್ಲದೆ, ಫೋನನ್ನು ಕಾರಿನಲ್ಲೇ ಬಿಟ್ಟು. ಆ ತಾಯಿ ನಂಬುವುದು ಇಬ್ಬರನ್ನು. ಒಬ್ಬರು ಬರುವುದಿಲ್ಲ. ನೀನು ಪಕ್ಕದಲ್ಲಿ ಕೂತು, ಅದು ನಾವು ಮಾಡಿದ್ದು, ಮೊನ್ನೆ ಫೋನಿನಲ್ಲಿ ಬಂದವನು ನಿನ್ನ ಮಗ ಎಂದು ಹೇಳಬೇಕು. ಅವಳು ನಂಬಲಿಕ್ಕಿಲ್ಲ. ನಂಬುವವರೆಗೆ ಅಲ್ಲೇ ಇರು. ಎರಡು ದಿನ ಕೂರಲು ನಿನಗೆ ಬರುತ್ತದೆ.

ಅವಸರ ಯಾಕೆ, ಎಣಿಕೆಗೆ ಇನ್ನು ಎಷ್ಟು ದಿನ ಮಹಾ ಎಂದು ನೀನು ಕೇಳುತ್ತೀಯ. ಕಾವಲುಗಾರನ ಭಯ ಎಂದುಕೋ. ಆ ಮಂಚದಲ್ಲಿ ಮಲಗಿ ಸುಟ್ಟುಹೋದವನು ಯಾರು ಎಂದೂ ಕೇಳಬಹುದು. ಬಾಪಾ ಕೇಳಲಿಲ್ಲ. ಮಂಚ ಖಾಲಿಯಿದೆಯೆಂದು ಮಲಗಿದ್ದ ಯಾರೋ ಒಬ್ಬ, ಯಾವ ಲೆಕ್ಕದಲ್ಲೂ ಇಲ್ಲದವನು.

ಊಟ ತಪ್ಪಿಸಬೇಡ. ಗಂಟಲು ಹೋಗಿದೆ, ಮೈಕಿನಲ್ಲಿ ಗೊತ್ತಾಗುತ್ತದೆ.

ನಿನ್ನ ಅವ್ವ,
ಶೈಲಾ

ತಾ.ಕ.: ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ‘ಯಾರೋ ಒಬ್ಬ’ ಎಂದು ಬರೆದದ್ದು ಸುಳ್ಳು. ಕಾಲಂದಿ ಬಂದ ದಿನವೇ ಹೆಸರು ಹೇಳಿದ್ದಾನೆ. ಪರಪ್ಪ. ಇಳಕಲ್ ಕಡೆಯವನು, ವೆಲ್ಡರ್. ಬೇರೆ ಕಂಪನಿ ಬಿಟ್ಟು ಬಂದು ಕೆಲಸ ಹುಡುಕುತ್ತಿದ್ದ, ಮಂಚವನ್ನು ಕಾಲಂದಿಯೇ ಅವನಿಗೆ ಬಿಟ್ಟುಕೊಟ್ಟಿದ್ದ. ಅವನ ತಾಯಿ ಅನ್ನಪೂರ್ಣೆವ್ವನಿಗೆ ಇಲ್ಲಿನ ಕನ್ನಡದವರು ಯಾರೋ ನನ್ನ ನಂಬರ್ ಕೊಟ್ಟಿದ್ದಾರೆ. ವಾರದಿಂದ ಫೋನ್ ಮಾಡುತ್ತಿದ್ದಾಳೆ. “ಅಕ್ಕಾರ, ನಮ್ಮ ಪರಪ್ಪಂದು ಫೋನ್ ಹತ್ತವಲ್ದ್ರಿ. ಅಲ್ಲಿ ರೇಂಜ್ ಇರೂದಿಲ್ಲೇನ್ರಿ?” ಇರುವುದಿಲ್ಲ ಎಂದೆ. ಹೆಸರು ಗೊತ್ತಾದ ಮೇಲೂ ಅದನ್ನೇ ಹೇಳಿದೆ. ನಿನ್ನೆ ಸಂಕ್ರಾಂತಿ. ಊರಿನವರೊಬ್ಬರು ಕುವೈತಿಗೆ ಹೊರಟಿದ್ದಾರಂತೆ, ಅವರ ಕೈಯಲ್ಲಿ ಪರಪ್ಪನಿಗೆ ಸಜ್ಜಿರೊಟ್ಟಿ, ಶೇಂಗಾ ಹೋಳಿಗಿ ಕೊಟ್ಟು ಕಳಿಸುತ್ತಾಳಂತೆ, ಎಲ್ಲಿಗೆ ಮುಟ್ಟಿಸಬೇಕು ಎಂದು ಕೇಳಿದಳು. ನನ್ನ ಮನೆಯ ವಿಳಾಸ ಕೊಟ್ಟೆ. ನಾಳೆ ಸಂಜೆ ಬರುತ್ತದೆ.